ಕಾಲೇಜಿನ ಹೆಸರಿನಲ್ಲಿರುವ ವಕೀಲರು

ಯಾವ ಅರ್ಜಿ ತುಂಬಿದರೂ ನಮ್ಮ ಕಾಲೇಜಿನ ಹೆಸರು ಕೊಟ್ಟ ಚೌಕಗಳಲ್ಲಿ ಹಿಡಿಸುವುದಿಲ್ಲ. ವಚನ ಪಿತಾಮಹ ಡಾ. ಪಿ.ಜಿ. ಹಳಕಟ್ಟಿ ಎಂದು ಶುರು ಮಾಡಿ ಎಂಜಿನಿಯರಿಂಗ್, ಟೆಕ್ನಾಲಜಿ ಎನ್ನುವಷ್ಟರಲ್ಲಿ ಸಾಲು ಮುಗಿದಿರುತ್ತದೆ. ಅದಕ್ಕೇ ನಾವೆಲ್ಲ ಬಿಎಲ್‌ಡಿಇ ಎಂದು ಬರೆದು ಮುಂದಿನ ಕಾಲಂಗೆ ಹೋಗುತ್ತೇವೆ. ಪಿ.ಜಿ. ಅಂದರೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಪೇಯಿಂಗ್ ಗೆಸ್ಟ್ ಮಾತ್ರ. ಮೊದಲ ವರ್ಷ ನಮ್ಮ ಬೆಂಚಿನಲ್ಲಿ ಒಬ್ಬಳು ಹಳಕಟ್ಟಿಯವರು ದೊಡ್ಡ ಎಂಜಿನಿಯರ್ ಇರಬೇಕು ಅಂದಿದ್ದಳು, ಇನ್ನೊಬ್ಬಳು ಯಾರೋ ಸ್ವಾಮಿಗಳು ಅಂದಿದ್ದಳು. ನಾನು ಇಬ್ಬರಿಗೂ ತಲೆಯಾಡಿಸಿದ್ದೆ. ಅವರು ವಕೀಲರಾಗಿದ್ದರು ಎಂದು ನನಗೆ ಗೊತ್ತಾಗಿದ್ದು ಮೂರನೆಯ ವರ್ಷದಲ್ಲಿ, ಅದೂ ನಾನು ಒಂದು ತಪ್ಪು ಮಾಡಿದ ಮೇಲೆ.

ತಪ್ಪಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮೂರು ಸಾರವಾಡ. ವಿಜಯಪುರದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿ, ಡೋಣಿ ನದಿಯ ಹತ್ತಿರ. ಬೇಸಿಗೆಯಲ್ಲಿ ಬಿಕೋ ಎನ್ನುವ ಡೋಣಿ ಮಳೆಗಾಲದಲ್ಲಿ ಒಮ್ಮೊಮ್ಮೆ ಸೇತುವೆಯ ಮೇಲೇ ಹರಿದು ಬಸ್ಸು ನಿಲ್ಲಿಸುತ್ತದೆ. ಅಪ್ಪ ಗೌಂಡಿ. ನಾನು ಸಿವಿಲ್ ತೆಗೆದುಕೊಂಡಿದ್ದಕ್ಕೆ ಇವೆರಡೇ ಕಾರಣ, ಅಪ್ಪನ ಕರಣಿ ಮತ್ತು ಆ ಸೇತುವೆ.

ರಜೆಯಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಬೇಕಿತ್ತು. ಒಬ್ಬ ಗುತ್ತಿಗೆದಾರರ ಬಳಿ ಸಣ್ಣ ಸೇತುವೆಯೊಂದರ ಕೆಲಸ ಸಿಕ್ಕಿತು. ಒಂಬತ್ತನೆಯ ದಿನ ಕಾಂಕ್ರೀಟ್ ಹಾಕಿದಾಗ ಆರು ಕ್ಯೂಬ್ ಎರಕ ಹೊಯ್ದೆವು. ಹದಿನೈದು ಸೆಂಟಿಮೀಟರಿನ ಘನಾಕೃತಿ, ಒಂದೊಂದು ಎಂಟು ಕಿಲೋ ತೂಕ. ಮೂರನ್ನು ಏಳನೆಯ ದಿನ ಯಂತ್ರದಲ್ಲಿಟ್ಟು ಒಡೆಯಬೇಕು, ಉಳಿದ ಮೂರನ್ನು ಇಪ್ಪತ್ತೆಂಟನೆಯ ದಿನದವರೆಗೆ ನೀರಿನಲ್ಲಿಟ್ಟು ಆಮೇಲೆ ಒಡೆಯಬೇಕು. ಏಳನೆಯ ದಿನದ ಅಂಕಿ ನಾನೇ ನಿಂತು ನೋಡಿದೆ, ಚೆನ್ನಾಗಿಯೇ ಬಂದಿತ್ತು. ಆದರೆ ಇಪ್ಪತ್ತೆಂಟನೆಯ ದಿನ ಬರುವ ಮೊದಲೇ ನನ್ನ ನಾಲ್ಕು ವಾರ ಮುಗಿಯುತ್ತಿತ್ತು. ಕೊನೆಯ ದಿನ ಸೂಪರ್‌ವೈಸರ್ ಅಣ್ಣ ರಿಜಿಸ್ಟರ್ ಮುಂದಿಟ್ಟರು. ಬಿಲ್ ಕಳಿಸಬೇಕಿದೆ, ನಿನ್ನ ಅಕ್ಷರ ದುಂಡಗಿವೆ, ಇಪ್ಪತ್ತೆಂಟು ದಿನದ ಕಾಲಂ ನೀನೇ ತುಂಬಿ ಹೋಗು ತಂಗಿ ಅಂದರು. ಮೂವತ್ತೊಂದರಿಂದ ಮೂವತ್ತೆರಡರ ನಡುವೆ ಬರುವಂತೆ ಬರೆ ಎಂದೂ ಹೇಳಿಕೊಟ್ಟರು. ನಾನು ಬರೆದೆ. 715, 702, 724 ಕಿಲೋನ್ಯೂಟನ್. ಮೂರೂ ಒಂದೇ ಥರ ಇದ್ದರೆ ಅನುಮಾನ ಬರುತ್ತದೆ ಎಂದು ಹೆಚ್ಚು ಕಡಿಮೆ ಮಾಡಿ ಬರೆದದ್ದು ನನ್ನದೇ ಬುದ್ಧಿ, ಅದನ್ನು ಯಾರೂ ಹೇಳಿಕೊಡಲಿಲ್ಲ. ಅರ್ಧ ಗಂಟೆಯಲ್ಲಿ ಸರ್ಟಿಫಿಕೇಟ್ ಕೈಗೆ ಬಂತು. ಒಡೆಯದೇ ಇದ್ದ ಆ ಮೂರು ಕ್ಯೂಬ್‌ಗಳು ತೊಟ್ಟಿಯ ನೀರಿನಲ್ಲೇ ಇದ್ದವು.

ಮಾನವೀಯ ಮೌಲ್ಯಗಳ ಪತ್ರಿಕೆಯಲ್ಲಿ ಹಿಂದೆ ನನಗೆ ಒಳ್ಳೆಯ ಅಂಕ ಬಂದಿದ್ದವು. ಸುಳ್ಳು ದತ್ತಾಂಶದ ಬಗ್ಗೆ ಕೇಳಿದ್ದ ಪ್ರಶ್ನೆಗೆ ಸರಿಯಾದ ಉತ್ತರಕ್ಕೇ ಗುರುತು ಹಾಕಿದ್ದೆ.

ಮರುವಾರ ಗ್ರಂಥಾಲಯದಲ್ಲಿ ಸುಮ್ಮನೆ ಕೂತಿದ್ದಾಗ ಕಾಲೇಜಿನ ಹೆಸರಿನ ಮನುಷ್ಯ ಯಾರು ಎಂದು ಓದತೊಡಗಿದೆ. ಮನಸ್ಸು ಬೇರೆ ಕಡೆ ಹೋಗಲಿ ಎಂಬುದೇ ಉದ್ದೇಶವಾಗಿತ್ತು. ಅದು ಆಗಲಿಲ್ಲ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪ ಶಿಕ್ಷಕರು, ಬರವಣಿಗೆಯೂ ಇತ್ತು. ತಾಯಿ ದಾನಾದೇವಿ ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಧಾರವಾಡದಲ್ಲಿ ಓದು ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿಗೆ ಹೋದರು. ನಮ್ಮ ಜಿಲ್ಲೆಗಳೆಲ್ಲ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು, ದೊಡ್ಡ ಓದು ಎಂದರೆ ಮುಂಬಯಿಯೇ. ಅಲ್ಲಿ ಮರಾಠಿ, ಗುಜರಾತಿ ಹುಡುಗರು ತಮ್ಮ ಭಾಷೆಯ ಬಗ್ಗೆ ಇಟ್ಟುಕೊಂಡಿದ್ದ ಹೆಮ್ಮೆಯನ್ನು ನೋಡಿ ಕನ್ನಡದ ಹುಡುಗರಿಗೆ ತಮ್ಮ ಭಾಷೆಯ ಸ್ಥಿತಿ ನೆನಪಾಗುತ್ತಿತ್ತು. ಮುಂದೆ ಕರ್ನಾಟಕ ಏಕೀಕರಣಕ್ಕೆ ದುಡಿದ ಆಲೂರು ವೆಂಕಟರಾಯರೂ ಅದೇ ಕಾಲದಲ್ಲಿ ಅಲ್ಲಿ ಓದುತ್ತಿದ್ದರು. ಬಿ.ಎ. ಆಯಿತು, ಕಾನೂನು ಪದವಿಯೂ ಆಯಿತು. 1904ರಲ್ಲಿ ವಕೀಲಿ ಶುರು. ಮೊದಲು ಸ್ವಲ್ಪ ದಿನ ಬೆಳಗಾವಿ, ಆಮೇಲೆ ಬಿಜಾಪುರ. ಬಂದವರು ಮತ್ತೆ ಬಿಡಲಿಲ್ಲ.

ಇಲ್ಲಿ ಒಂದು ಮಾತು. ಇಪ್ಪತ್ತನಾಲ್ಕು ವಯಸ್ಸಿನ, ಮುಂಬಯಿಯಲ್ಲಿ ಕಾನೂನು ಓದಿದ ಹುಡುಗ ಬಿಜಾಪುರಕ್ಕೆ ಬರುವುದನ್ನು ಇಂದಿನ ಲೆಕ್ಕದಲ್ಲಿ ಯೋಚಿಸಿ. ನಮ್ಮಲ್ಲಿ ಯಾರಿಗಾದರೂ ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ ಪೇಢೆ ಹಂಚುತ್ತಾರೆ, ಊರಿಗೆ ಮರಳಿದರೆ ಏನಾಯಿತೋ ಎಂದು ಕೇಳುತ್ತಾರೆ. ಆಗಿನ ಬಿಜಾಪುರ ಬರದ ಸೀಮೆ. 1876ರಿಂದ 78ರವರೆಗಿನ ಭೀಕರ ಬರದ ನೆನಪು ಹಿರಿಯರಲ್ಲಿ ಇನ್ನೂ ಹಸಿಯಾಗಿತ್ತು, ಶತಮಾನದ ಕೊನೆಯಲ್ಲಿ ಮತ್ತೆ ಬರ ಬಂದು ಹೋಗಿತ್ತು. ಅಂಥ ಊರಿನಲ್ಲಿ ಅವರ ವಕೀಲಿ ಚೆನ್ನಾಗಿಯೇ ನಡೆಯಿತು. ಮುಂದೆ ಸರಕಾರಿ ವಕೀಲರೂ ಆದರು. ಬೇಕೆಂದಿದ್ದರೆ ದೊಡ್ಡ ಮನೆ, ಹೊಲ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು.

ಅವರು 1910ರಲ್ಲಿ ಜೊತೆಗಾರರನ್ನು ಕೂಡಿಸಿಕೊಂಡು ಶಿಕ್ಷಣ ಸಂಸ್ಥೆ ಕಟ್ಟಿದರು. ಅದೇ ಇಂದಿನ ಬಿಎಲ್‌ಡಿಇ. ಎರಡು ವರ್ಷದಲ್ಲಿ, 1912ರಲ್ಲಿ, ಸಿದ್ಧೇಶ್ವರ ಸಹಕಾರಿ ಬ್ಯಾಂಕು. ಸಹಕಾರಿ ಬ್ಯಾಂಕು ಎಂದರೆ ನಮಗೆ ಇಂದು ಒಂದು ಬೋರ್ಡು, ಒಂದು ಕೌಂಟರು. ಅಂದಿಗೆ ಅದು ಹೊಸ ಉಪಾಯ. ಸಹಕಾರಿ ಸಂಘಗಳ ಮೊದಲ ಕಾನೂನು ಬಂದಿದ್ದೇ 1904ರಲ್ಲಿ, ಎರಡನೆಯದು 1912ರಲ್ಲಿ. ಸದಸ್ಯರು ಸ್ವಲ್ಪ ಸ್ವಲ್ಪ ಹಣ ಹಾಕುವುದು, ಅದೇ ಹಣದಲ್ಲಿ ಸದಸ್ಯರಿಗೆ ಸಾಲ ಕೊಡುವುದು, ಎಷ್ಟೇ ಷೇರು ಇದ್ದರೂ ಒಬ್ಬರಿಗೆ ಒಂದೇ ಮತ. ಸಾಹುಕಾರನ ಬಡ್ಡಿಗೆ ಹೊಲ ಕಳೆದುಕೊಳ್ಳುತ್ತಿದ್ದ ಊರಿಗೆ ಇದರ ಅರ್ಥ ದೊಡ್ಡದು. ಸಾಲದ ದಾವೆಗಳು ಕೋರ್ಟಿಗೆ ಬರುವ ಕಾಲ ಅದು. ಇಂಥ ದಾವೆಗಳೇ ವಕೀಲರ ಅನ್ನ ಅಲ್ಲವೇ ಎಂದು ನನಗೆ ಅನಿಸಿತು. ತನ್ನ ಅನ್ನದ ಒಂದು ಬೇರನ್ನು ತಾನೇ ಕತ್ತರಿಸುವ ಕೆಲಸ ಇದು. ಅವರು ಹಾಗೆ ಯೋಚಿಸಿ ಮಾಡಿದರೋ ಇಲ್ಲವೋ, ಮಾಡಿದ್ದಂತೂ ನಿಜ. ನಗರಸಭೆಯಲ್ಲಿ ಕೆಲಸ ಮಾಡಿದರು, ಮುಂಬಯಿ ವಿಧಾನ ಪರಿಷತ್ತಿನಲ್ಲೂ ಕೂತು ಬಂದರು. ಇವನ್ನೆಲ್ಲ ಬೇಗ ದಾಟುತ್ತೇನೆ, ಏಕೆಂದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ.

ಹೊಸ ವಕೀಲರಾಗಿದ್ದ ಆ ದಿನಗಳಲ್ಲೇ ರಬಕವಿಯ ಒಂದು ಮನೆಯಲ್ಲಿ ಅವರು ತಾಡವೋಲೆಯ ಕಟ್ಟುಗಳನ್ನು ನೋಡಿದರು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಅದರಲ್ಲಿದ್ದವು. ಇವತ್ತು ವಚನ ನಮಗೆ ನಾಲ್ಕನೆಯ ತರಗತಿಯ ಬಾಯಿಪಾಠ, ಬಸ್ಸಿನ ಮೇಲಿನ ಬರಹ. ಆಗ ಹಾಗಿರಲಿಲ್ಲ. ವಚನಗಳ ಬಹುಭಾಗ ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಜನ ಆ ಕಟ್ಟುಗಳಿಗೆ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುವವರು ಕಡಿಮೆ. ಹುಳ ಮಾತ್ರ ಬಿಚ್ಚದೆಯೇ ಒಳಗೆ ಹೋಗುತ್ತಿತ್ತು. ಪೂಜೆಯ ವಸ್ತುವನ್ನು ಗುರುತಿಲ್ಲದ ವಕೀಲನ ಕೈಗೆ ಯಾರು ತಾನೇ ಸುಲಭವಾಗಿ ಕೊಡುತ್ತಾರೆ? ಅವರು ಊರೂರು ತಿರುಗಿದರು, ಕೇಳಿದರು, ಮತ್ತೆ ಹೋಗಿ ಕೇಳಿದರು. ಹೀಗೆ ಕೂಡಿಸಿದ್ದು ಒಂದೆರಡು ಕಟ್ಟಲ್ಲ. ಅಲ್ಲಿಯವರೆಗೆ ಹೆಸರು ಗೊತ್ತಿದ್ದ ವಚನಕಾರರು ಕೆಲವೇ ಜನ. ಅವರ ಹುಡುಕಾಟ ಮುಗಿಯುವಷ್ಟರಲ್ಲಿ ಆ ಸಂಖ್ಯೆ ಇನ್ನೂರನ್ನು ದಾಟಿತ್ತು.

ತಾಡವೋಲೆಯನ್ನು ನಕಲು ಮಾಡುವುದು ಎಂಥ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಓಲೆಯ ಮೇಲೆ ಕಂಠದಿಂದ ಕೊರೆದು ಮಸಿ ಸವರಿರುತ್ತಾರೆ. ಪದ ಪದಗಳ ನಡುವೆ ಜಾಗ ಇರುವುದಿಲ್ಲ, ನಿಲುಗಡೆಯ ಚಿಹ್ನೆ ಇರುವುದಿಲ್ಲ. ಓಲೆಯ ಅಂಚು ಮುರಿದಿದ್ದರೆ ಸಾಲಿನ ಕೊನೆಯ ಅಕ್ಷರಗಳು ಹೋದವು. ಅಲ್ಲಿ ಏನಿತ್ತೆಂದು ತಿಳಿಯಬೇಕಾದರೆ ಅದೇ ವಚನದ ಇನ್ನೊಂದು ಪ್ರತಿ ಬೇಕು, ಅದು ಇನ್ನೊಂದು ಊರಿನ ಇನ್ನೊಂದು ಮನೆಯಲ್ಲಿ ಇರಬಹುದು. ಇಲ್ಲದ ಅಕ್ಷರವನ್ನು ತಾವೇ ತುಂಬಿ ಮುಂದೆ ಹೋಗುವುದು ಬಹಳ ಸುಲಭ. ಎಂಟುನೂರು ವರ್ಷದ ಹಿಂದಿನ ಬರಹಗಾರ ಎದ್ದು ಬಂದು ಕೇಳುವುದಿಲ್ಲ. ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ತುಂಬಿದ್ದು ಸರಿಯಾಗಿಯೂ ಇರಬಹುದು. ಇದನ್ನು ಓದುವಾಗ ನನಗೆ 715, 702, 724 ನೆನಪಾಯಿತು. ನನ್ನ ಅಂಕಿಗಳೂ ಸರಿಯಾಗಿಯೇ ಇರಬಹುದು, ಏಳನೆಯ ದಿನದ ಫಲಿತಾಂಶ ಚೆನ್ನಾಗಿತ್ತಲ್ಲ ಎಂದೇ ನಾನು ನನಗೆ ಹೇಳಿಕೊಳ್ಳುತ್ತಿದ್ದೆ.

ಹಗಲು ಕೋರ್ಟು, ಉಳಿದ ಹೊತ್ತೆಲ್ಲ ಓಲೆ. ಹೀಗೆ ಹತ್ತಾರು ವರ್ಷ ಕೂಡಿಸಿದ್ದನ್ನು ಅಚ್ಚು ಮಾಡಿಸಲು ಹೊರಟಾಗ ಮೊದಲ ಪೆಟ್ಟು ಬಿತ್ತು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂತು. ಕೊನೆಗೆ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಮುದ್ರಣವಾಗಿ ಹೊರಬಂತು. ಇನ್ನೊಬ್ಬರ ಮುದ್ರಣಾಲಯ ನಂಬಿ ಕೂತರೆ ಉಳಿದದ್ದು ಹೊರಬರುವುದು ಯಾವಾಗ? 1925ರಲ್ಲಿ ಅವರು ಬಿಜಾಪುರದಲ್ಲಿ ಹಿತಚಿಂತಕ ಎಂಬ ಹೆಸರಿನ ಸ್ವಂತ ಮುದ್ರಣಾಲಯ ಹಾಕಿದರು. ಅದಕ್ಕೆ ದುಡ್ಡು ಬಂದದ್ದು ಸ್ವಂತ ಮನೆ ಮಾರಿ. ಆಮೇಲೆ ಬದುಕಿದ್ದು ಬಾಡಿಗೆ ಮನೆಯಲ್ಲಿ. ಬ್ಯಾಂಕು ಕಟ್ಟಿದವರು, ಸಂಸ್ಥೆ ಕಟ್ಟಿದವರು ಬಾಡಿಗೆ ಮನೆಯಲ್ಲಿ! ಪಿ.ಜಿ. ಎಂದು ನಗುತ್ತಿದ್ದ ನಮಗೆ ಇದು ಗೊತ್ತಿದ್ದರೆ ಆ ತಮಾಷೆ ಮಾಡುತ್ತಿದ್ದೆವೋ ಇಲ್ಲವೋ.

ಆಗಿನ ಮುದ್ರಣವೂ ಈಗಿನ ಪ್ರಿಂಟರ್ ಗುಂಡಿ ಒತ್ತುವಂಥದ್ದಲ್ಲ. ಸೀಸದ ಒಂದೊಂದೇ ಮೊಳೆಯನ್ನು ಖಾನೆಯಿಂದ ಆರಿಸಿ ತಲೆಕೆಳಗಾಗಿ ಜೋಡಿಸಬೇಕು. ಕನ್ನಡಕ್ಕೆ ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ಒಂದು ಒತ್ತು ಜಾರಿದರೆ ಅರ್ಥವೇ ಬೇರೆ. ಜೋಡಿಸಿ, ಒಂದು ಪ್ರತಿ ತೆಗೆದು, ತಪ್ಪು ತಿದ್ದಿ, ಮತ್ತೆ ಪ್ರತಿ ತೆಗೆದು ನೋಡಬೇಕು. 1926ರಲ್ಲಿ ಶಿವಾನುಭವ ಎಂಬ ಪತ್ರಿಕೆ ಶುರು ಮಾಡಿದರು, 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆ. ಶಿವಾನುಭವವನ್ನು ಮೂವತ್ತು ವರ್ಷಕ್ಕೂ ಮೇಲೆ ನಡೆಸಿದರು. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬರಿ ವಚನ ಅಲ್ಲ, ಹರಿಹರನ ರಗಳೆಗಳು, ಶೂನ್ಯಸಂಪಾದನೆ, ಇವೂ ಅವರ ಕೈಯಿಂದ ಅಚ್ಚಿಗೆ ಬಂದವು. ಸಮ್ಮೇಳನಾಧ್ಯಕ್ಷರಾದವರು ತೇಪೆ ಹಾಕಿದ ಕೋಟಿನಲ್ಲಿ, ಸೈಕಲ್ ಮೇಲೆ ಊರಿನಲ್ಲಿ ಓಡಾಡುತ್ತಿದ್ದುದನ್ನು ಬಿಜಾಪುರದ ಹಿರಿಯರು ಬಹಳ ವರ್ಷ ನೆನೆಸಿಕೊಳ್ಳುತ್ತಿದ್ದರಂತೆ. ಆ ಕಾಲದ ಸರಕಾರ ರಾವ್ ಬಹಾದ್ದೂರ್ ಎಂಬ ಬಿರುದನ್ನೂ ಕೊಟ್ಟಿತ್ತು. ಬಿರುದು ಬೇರೆ, ಕೋಟು ಬೇರೆ.

ಇಲ್ಲಿ ನನಗೊಂದು ತಕರಾರು ಇದೆ. ಮನೆ ಮಾರುವಾಗ ಭಾಗೀರಥಿಬಾಯಿಯವರನ್ನು ಯಾರಾದರೂ ಕೇಳಿದರೇ? ಅವರು ಹಳಕಟ್ಟಿಯವರ ಹೆಂಡತಿ, ಚಿಕ್ಕೋಡಿ ತಮ್ಮಣ್ಣಪ್ಪನವರ ಮಗಳು. ನಾನು ಓದಿದ್ದರಲ್ಲೆಲ್ಲ ಅವರ ಬಗ್ಗೆ ಎರಡು ಸಾಲಿಗಿಂತ ಹೆಚ್ಚು ಸಿಗಲಿಲ್ಲ. ತ್ಯಾಗ ಎಂದು ನಾವು ಗಂಡಸಿನ ಹೆಸರಿನಲ್ಲಿ ಬರೆಯುವ ಲೆಕ್ಕದಲ್ಲಿ ಒಲೆ ಹೊತ್ತಿಸಿದವರ ಪಾಲು ಎಷ್ಟು ಎಂದು ಕಾಲಂ ಇರುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಪಗಾರ ಬಾಕಿ ಉಳಿಸಿಕೊಂಡ ತಿಂಗಳು ಅವ್ವ ಹೇಗೆ ನಡೆಸುತ್ತಾಳೆ ಎಂದು ನೋಡಿದ್ದೇನೆ. ಹಾಗಾಗಿ ಈ ಕಥೆಯನ್ನು ಬರಿ ಹೂಮಾಲೆ ಹಾಕಿ ಹೇಳಲು ನನಗೆ ಆಗುವುದಿಲ್ಲ.

ಆದರೆ ಅದೇ ವಚನಗಳಲ್ಲಿ ಒಬ್ಬ ಹೆಂಗಸಿದ್ದಾಳೆ, ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಆತ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ತಂದ. ಬಡತನದ ಮನೆ, ಹೆಚ್ಚು ಬಂದರೆ ಯಾರು ಬೇಡ ಎನ್ನುತ್ತಾರೆ? ಲಕ್ಕಮ್ಮ ಬೇಡ ಅಂದಳು. ಇದು ನಮ್ಮ ಎಂದಿನ ಅಕ್ಕಿಯಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಕದ್ದ ಅಕ್ಕಿಯಲ್ಲ ಅದು. ದುಡಿಮೆಗಿಂತ ಹೆಚ್ಚಿನದು, ಅಷ್ಟೇ. ಈ ಲಕ್ಕಮ್ಮನಂಥವರು, ಹಗ್ಗ ಹೊಸೆಯುವ ಚಂದಯ್ಯ, ದೋಣಿ ನಡೆಸುವ ಚೌಡಯ್ಯನಂಥವರು ಓಲೆಯ ಕಟ್ಟಿನಿಂದ ಹೊರಬಂದು ನಮ್ಮ ಪಠ್ಯಪುಸ್ತಕಕ್ಕೆ ಬರಲು ಬಿಜಾಪುರದ ಒಂದು ಮನೆ ಮಾರಾಟವಾಗಬೇಕಾಯಿತು.

ಹಳಕಟ್ಟಿಯವರ ಪಾಠವೇ ಕೊನೆಯ ಪಾಠ ಆಗಲಿಲ್ಲ. ಆಮೇಲೆ ಬಂದ ವಿದ್ವಾಂಸರು ಇನ್ನಷ್ಟು ಹಸ್ತಪ್ರತಿ ಹುಡುಕಿ, ಹೋಲಿಸಿ ತಿದ್ದಿದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಬಂದವು. ತಿದ್ದಲು ಆಗಿದ್ದು ಮೊದಲು ಒಬ್ಬರು ಕಣ್ಣಿಗೆ ಕಂಡದ್ದನ್ನು ಅಚ್ಚು ಮಾಡಿಟ್ಟಿದ್ದರಿಂದ. ನಮ್ಮ ಲ್ಯಾಬಿನಲ್ಲೂ ಇದೇ ಮಾತು. ತಪ್ಪು ಬಂದ ರೀಡಿಂಗ್ ಅನ್ನು ಆಮೇಲೆ ತಿದ್ದಬಹುದು, ಯಾಕೆ ತಪ್ಪಿತು ಎಂದು ಹುಡುಕಬಹುದು. ತೆಗೆಯದೇ ಬರೆದ ರೀಡಿಂಗ್‌ನಲ್ಲಿ ಹುಡುಕಲು ಏನೂ ಇರುವುದಿಲ್ಲ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡ ನಾಡು ಒಂದಾದ ವರ್ಷವೂ ಅದೇ. ಕಾಲೇಜಿನ ಹೆಸರಿನಲ್ಲಿರುವ ಡಾ. ಎಂಬ ಅಕ್ಷರ ಬಂದದ್ದು ಆಗ, ಅವರಿಗೆ ಎಪ್ಪತ್ತಾರು ವಯಸ್ಸು. 1964ರ ಜೂನ್ 29ರಂದು ತೀರಿಕೊಂಡರು. ಇನ್ನು ಮೂರು ದಿನ ಇದ್ದಿದ್ದರೆ ಎಂಬತ್ತನಾಲ್ಕು ತುಂಬುತ್ತಿತ್ತು. ಜುಲೈ 2ರಂದು ಈಗ ವಚನ ಸಂರಕ್ಷಣೆಯ ದಿನ ಆಚರಿಸುತ್ತಾರೆ.

ಪುಸ್ತಕ ಮುಚ್ಚಿ ಊರಿಗೆ ಬಂದ ದಿನ ರಾತ್ರಿ ಅಪ್ಪನಿಗೆ ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅಪ್ಪ ಎರಡೇ ಕೇಳಿದ. ಕ್ಯೂಬ್ ಇನ್ನೂ ನೀರಿನಾಗ ಅದಾವೇನು, ಇಪ್ಪತ್ತೆಂಟು ದಿನ ಯಾವಾಗ ಆಗ್ತಾವ. ಮೂವತ್ತು ವರ್ಷ ಸಿಮೆಂಟಿನಲ್ಲಿ ಕೈ ಸುಟ್ಟುಕೊಂಡವನು, ಕಾಂಕ್ರೀಟಿಗೆ ನೀರು ಹೊಡೆಯದಿದ್ದರೆ ಮಾತ್ರ ಅವನಿಗೆ ಸಿಟ್ಟು ಬರುತ್ತದೆ.

ಮರುದಿನ ಸೂಪರ್‌ವೈಸರ್ ಅಣ್ಣನಿಗೆ ಫೋನ್ ಮಾಡಿದೆ. ಮೊದಲು ನಕ್ಕರು. ಆ ಕ್ಯೂಬ್ ಏನು ಮಾಡುವುದು ಎಂದು ನಾವೇ ನೋಡುತ್ತಿದ್ದೆವು, ಬೇಕಾದರೆ ಒಯ್ಯಿ ಅಂದರು. ಒಡೆದ ಮೇಲೆ ಬಂದ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು, ನಾನು ಬರೆದದ್ದನ್ನು ಹೊಡೆದು ಹಾಕಿ ಸಹಿ ಮಾಡುತ್ತೇನೆ ಅಂದಾಗ ನಗು ನಿಂತಿತು. ರಿಜಿಸ್ಟರಿನ ಜೆರಾಕ್ಸ್ ಬಿಲ್ ಜೊತೆ ಹೋಗಿಯಾಗಿದೆ, ಸರ್ಟಿಫಿಕೇಟ್ ಕೊಟ್ಟಿದ್ದು ನೆನಪಿರಲಿ ಅಂದರು. ನೆನಪಿದೆ ಅಂದೆ. ನೋಡೋಣ ಎಂದು ಇಟ್ಟರು. ನೋಡೋಣ ಎಂದರೆ ಹೌದೋ ಅಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಇಂಟರ್ನ್‌ಶಿಪ್ ಮತ್ತೆ ಮಾಡಬೇಕಾಗಿ ಬಂದರೆ ಒಂದು ರಜೆ ಹೋಗುತ್ತದೆ, ಅಷ್ಟೇ ಆದರೆ ನನ್ನ ಪುಣ್ಯ. ಲ್ಯಾಬಿನ ಸರ್ ಹತ್ತಿರ ಹೋಗಿ ಮೂರು ಕ್ಯೂಬ್ ಒಡೆಯಬೇಕು ಎಂದು ಕೇಳಿದೆ, ಬಿಲ್ಲಿನ ಕಥೆಯನ್ನೂ ಮುಚ್ಚಿಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಳಿಗ್ಗೆ ಹತ್ತಕ್ಕೆ ತಾ, ಮೇಲ್ಮೈ ಒರೆಸಿಕೊಂಡು ತೂಕ ಮಾಡಿಯೇ ತಾ ಅಂದರು.

ಗುರುವಾರ ಇಪ್ಪತ್ತೆಂಟನೆಯ ದಿನ. ಮೂರು ಕ್ಯೂಬ್ ಎಂದರೆ ಇಪ್ಪತ್ನಾಲ್ಕು ಕಿಲೋ ಮೇಲೆ ತೂಕ, ಒಬ್ಬಳಿಗೆ ಬಸ್ಸಿನಲ್ಲಿ ಆಗುವುದಿಲ್ಲ. ಅಪ್ಪ ಆ ದಿನ ಕೆಲಸಕ್ಕೆ ಹೋಗುವುದಿಲ್ಲವಂತೆ. ಸಿಮೆಂಟ್ ಚೀಲ ಎರಡು ಮಡಚಿ ಬಾಗಿಲ ಹತ್ತಿರ ಇಟ್ಟಿದ್ದಾನೆ, ಒದ್ದೆ ಮಾಡಿ ಸುತ್ತಿಕೊಂಡು ಒಯ್ಯಲು.